ಬಾಹ್ಯಾಕಾಶ ಟೆಲಿಸ್ಕೋಪಿನ ಚಿತ್ರದಲ್ಲಿ ಏನೋ ವಿಚಿತ್ರ ಕಂಡರೆ: ದೋಷ ಹುಡುಕುವ ಕೈಪಿಡಿ

ಹಬಲ್, ಜೇಮ್ಸ್ ವೆಬ್, ಭಾರತದ ಆಸ್ಟ್ರೋಸ್ಯಾಟ್ ಮುಂತಾದ ಬಾಹ್ಯಾಕಾಶ ಟೆಲಿಸ್ಕೋಪುಗಳು ಕಳಿಸಿದ ಮೂಲ ಫೈಲುಗಳನ್ನು ಈಗ ಯಾರು ಬೇಕಾದರೂ ಇಳಿಸಿಕೊಳ್ಳಬಹುದು. ಹೊಸ ವೀಕ್ಷಣೆಗಳಿಗೆ ಸಾಮಾನ್ಯವಾಗಿ ಒಂದು ಕಾಯುವ ಅವಧಿ ಇರುತ್ತದೆ. ಅದು ಮುಗಿದ ಮೇಲೆ ಎಲ್ಲವೂ ಮುಕ್ತ. ಬೆಂಗಳೂರಿನಲ್ಲಿ ಖಗೋಳದ ಹುಚ್ಚು ಹಿಡಿದವರಿಗೆ ಇದು ದೊಡ್ಡ ಅನುಕೂಲ. ನಮ್ಮ ಊರಲ್ಲಿ ಮಳೆಗಾಲ ಪೂರ್ತಿ ಮೋಡ. ಉಳಿದ ತಿಂಗಳಲ್ಲಿ ಬೀದಿ ದೀಪ ಮತ್ತು ಧೂಳು. ಟೆರೇಸಿನಿಂದ ಶನಿಯ ಉಂಗುರ ನೋಡಬಹುದು, ದೂರದ ಗ್ಯಾಲಕ್ಸಿಯನ್ನು ಅಳೆಯುವುದು ಆಗದ ಮಾತು. ಆದರೆ ಅದೇ ಟೆರೇಸಿನ ಕೆಳಗಿನ ಕೋಣೆಯಲ್ಲಿ ಲ್ಯಾಪ್‌ಟಾಪ್ ತೆರೆದರೆ ಅದೇ ಗ್ಯಾಲಕ್ಸಿಯ ಅತಿನೇರಳೆ ಚಿತ್ರ ಸಿಗುತ್ತದೆ.

ನಾನು ಭಾನುವಾರಗಳಲ್ಲಿ ಬಸವನಗುಡಿಯಲ್ಲಿ ಒಂದಷ್ಟು ಕಾಲೇಜು ವಿದ್ಯಾರ್ಥಿಗಳ ಜೊತೆ ಕೂತು ಇಂಥ ಫೈಲುಗಳನ್ನು ನೋಡುತ್ತೇನೆ. "ಸರ್, ಇಲ್ಲೊಂದು ನಕ್ಷತ್ರ ಇದೆ, ಯಾವ ಪಟ್ಟಿಯಲ್ಲೂ ಇಲ್ಲ" ಅಂತ ಆಗಾಗ ಯಾರಾದರೂ ಓಡಿ ಬರುತ್ತಾರೆ. ಹೆಚ್ಚಿನ ಸಲ ಅದು ಕಾಸ್ಮಿಕ್ ಕಿರಣ, ಅಂದರೆ ಬಾಹ್ಯಾಕಾಶದಿಂದ ವೇಗವಾಗಿ ಬಂದು ಬಡಿದ ಕಣ. ಕೆಲವು ಸಲ ತಪ್ಪು ಫೈಲು ತೆರೆದಿರುತ್ತಾರೆ. ಅಪರೂಪಕ್ಕೆ ಅದು ನಿಜವಾಗಿಯೂ ಆಕಾಶದ್ದೇ ಆಗಿರುತ್ತದೆ. ಯಾವುದು ಯಾವುದು ಅಂತ ಕಂಡುಹಿಡಿಯುವ ದಾರಿಯನ್ನು ಇಲ್ಲಿ ಬರೆಯುತ್ತಿದ್ದೇನೆ.

ಅದು ಯಾವುದರ ಜೊತೆ ಹೋಗುತ್ತದೆ?

ಎಂಥ ದೋಷವೇ ಇರಲಿ, ನಾನು ಮೊದಲು ಕೇಳುವುದು ಇದೊಂದೇ ಪ್ರಶ್ನೆ. ಕನ್ನಡಕದ ಮೇಲೆ ಕಲೆ ಇದ್ದರೆ ತಲೆ ತಿರುಗಿಸಿದಾಗ ಕಲೆಯೂ ಜೊತೆಗೆ ತಿರುಗುತ್ತದೆ. ಗೋಡೆಯ ಮೇಲಿದ್ದರೆ ಗೋಡೆಯಲ್ಲೇ ಉಳಿಯುತ್ತದೆ. ಟೆಲಿಸ್ಕೋಪಿನಲ್ಲೂ ಹಾಗೇ. ಅದೇ ಜಾಗದ ಎರಡು ಎಕ್ಸ್‌ಪೋಶರ್ ತೆಗೆದುಕೊಳ್ಳಿ. ಟೆಲಿಸ್ಕೋಪ್ ಮಧ್ಯದಲ್ಲಿ ಸ್ವಲ್ಪ ಪಕ್ಕಕ್ಕೆ ಸರಿದಿರಬೇಕು. ಹಬಲ್ ಮತ್ತು ವೆಬ್ ಎರಡರಲ್ಲೂ ಬೇಕೆಂದೇ ಹೀಗೆ ಸರಿಸಿ ತೆಗೆಯುತ್ತಾರೆ, ಅದಕ್ಕೆ ಡಿದರ್ ಅನ್ನುತ್ತಾರೆ. ನಿಮ್ಮ ವಿಚಿತ್ರ ವಸ್ತು ಪಕ್ಕದ ನಕ್ಷತ್ರಗಳ ಜೊತೆ ಸರಿದರೆ ಅದು ಆಕಾಶದ್ದು. ಅದೇ ಪಿಕ್ಸೆಲ್ಲಿನಲ್ಲಿ ಕೂತಿದ್ದರೆ ಡಿಟೆಕ್ಟರಿನದ್ದು, ಅಂದರೆ ಬೆಳಕನ್ನು ದಾಖಲಿಸುವ ಕ್ಯಾಮೆರಾ ಚಿಪ್ಪಿನದ್ದು. ಒಂದರಲ್ಲಿದ್ದು ಇನ್ನೊಂದರಲ್ಲಿ ಇಲ್ಲದಿದ್ದರೆ ಸಮಯಕ್ಕೆ ಸಂಬಂಧಿಸಿದ್ದು. ಕಾಸ್ಮಿಕ್ ಕಿರಣವೋ, ಉಪಗ್ರಹವೋ, ಕ್ಷುದ್ರಗ್ರಹವೋ, ಕಕ್ಷೆಯ ಯಾವುದೋ ಒಂದು ಭಾಗದ ತೊಂದರೆಯೋ ಆಗಿರಬಹುದು.

ಆಕಾಶ, ಡಿಟೆಕ್ಟರ್, ಗಡಿಯಾರ. ಈ ಮೂರರಲ್ಲಿ ಯಾವುದು ಅಂತ ಗೊತ್ತಾದರೆ ಅರ್ಧ ಕೆಲಸ ಮುಗಿಯಿತು.

ಬಾಹ್ಯಾಕಾಶದಲ್ಲಿ ಈ ವಿಂಗಡಣೆ ನೆಲಕ್ಕಿಂತ ಸ್ವಚ್ಛವಾಗಿ ನಡೆಯುತ್ತದೆ. ನೆಲದ ಮೇಲೆ ಗಾಳಿ ಎಲ್ಲದರಲ್ಲೂ ಕೈ ಹಾಕುತ್ತದೆ. ನಕ್ಷತ್ರವನ್ನು ಒಂದು ಆರ್ಕ್ ಸೆಕೆಂಡಿನಷ್ಟು (ಒಂದು ಡಿಗ್ರಿಯ 3600ರಲ್ಲಿ ಒಂದು ಪಾಲು) ಹರಡುತ್ತದೆ. ಸುಮಾರು 300 ನ್ಯಾನೋಮೀಟರಿಗಿಂತ ಕಡಿಮೆ ತರಂಗಾಂತರದ ಅತಿನೇರಳೆಯನ್ನು ಓಝೋನ್ ತಡೆಯುತ್ತದೆ. ಕ್ಷ-ಕಿರಣವಂತೂ ನೆಲ ಮುಟ್ಟುವುದೇ ಇಲ್ಲ. ಈ ಟೆಲಿಸ್ಕೋಪುಗಳನ್ನು ಮೇಲಕ್ಕೆ ಕಳಿಸಿದ್ದೇ ಇದನ್ನು ತಪ್ಪಿಸಿಕೊಳ್ಳಲು. ಗಾಳಿ ಇಲ್ಲ ಅಂದಮೇಲೆ ಉಳಿಯುವುದು ಕನ್ನಡಿ, ಡಿಟೆಕ್ಟರ್, ನೌಕೆಯ ಅಲುಗಾಟ, ವಿಕಿರಣ. ಇವೆಲ್ಲಕ್ಕೂ ಅವುಗಳದ್ದೇ ಗುರುತು ಇದೆ.

ಟೆಲಿಸ್ಕೋಪನ್ನು ಅನುಮಾನಿಸುವ ಮೊದಲು ಫೈಲು ನೋಡಿ

ಚಿತ್ರ ಪೂರ್ತಿ ಕಪ್ಪು. ಇದು ಹೊಸಬರ ಮೊದಲ ದೂರು. ಎರಡು ಕಾರಣ ಸಾಮಾನ್ಯ. ಒಂದು, ಖಗೋಳ ಚಿತ್ರಗಳನ್ನು ಇಡುವ ಫಿಟ್ಸ್ ಎಂಬ ಮಾದರಿಯ ಫೈಲಿನಲ್ಲಿ ಹಲವು ಪದರ ಇರುತ್ತವೆ. ಹಬಲ್ ಮತ್ತು ವೆಬ್ ಫೈಲುಗಳಲ್ಲಿ ಸೊನ್ನೆಯ ಪದರದಲ್ಲಿ ಹೆಚ್ಚಾಗಿ ಹೆಡರ್ (ವೀಕ್ಷಣೆಯ ವಿವರಗಳ ಪಟ್ಟಿ) ಮಾತ್ರ ಇರುತ್ತದೆ, ಚಿತ್ರ ಒಂದನೆಯದರಿಂದ ಶುರು. ಪೈಥಾನಿನಲ್ಲಿ ಸೊನ್ನೆಯನ್ನು ತೆರೆದು "ಡೇಟಾ ಇಲ್ಲ" ಅಂದರೆ ಫೈಲು ಕೆಟ್ಟಿಲ್ಲ. ಎರಡು, ಬೆಳಕಿನ ಹಂತ. ಒಂದು ಉಜ್ವಲ ನಕ್ಷತ್ರ ಇದ್ದರೆ ಉಳಿದ ಎಲ್ಲವೂ ಅದರ ಮುಂದೆ ಕಪ್ಪಾಗಿ ಕಾಣುತ್ತವೆ. ಚಿತ್ರ ನೋಡುವ ಸಾಫ್ಟ್‌ವೇರ್ ಡಿಎಸ್9ರಲ್ಲಿ ಲೀನಿಯರ್ ಬಿಟ್ಟು ಲಾಗ್ ಅಥವಾ ಝಡ್-ಸ್ಕೇಲ್ ಹಾಕಿ ನೋಡಿ.

ಆಮೇಲೆ ಫೈಲಿನ ಹೆಸರಿನ ಬಾಲ. ಇದನ್ನು ಓದಲು ಕಲಿಯಿರಿ, ಬಹಳ ಸಮಯ ಉಳಿಯುತ್ತದೆ. ಹಬಲ್‌ನಲ್ಲಿ ರಾ ಅಂದರೆ ಹಸಿ ಡೇಟಾ. ಎಫ್‌ಎಲ್‌ಟಿ ಅಂದರೆ ಒಂದೇ ಎಕ್ಸ್‌ಪೋಶರ್, ಮಟ್ಟ ಸರಿಪಡಿಸಿದ್ದು. ಡಿಆರ್‌ಝಡ್ ಅಥವಾ ಡಿಆರ್‌ಸಿ ಅಂದರೆ ಹಲವನ್ನು ಜೋಡಿಸಿ, ಕಾಸ್ಮಿಕ್ ಕಿರಣ ತೆಗೆದಿದ್ದು. ವೆಬ್‌ನಲ್ಲಿ ಇದೇ ಸಾಲು ಅನ್‌ಕ್ಯಾಲ್, ರೇಟ್, ಕ್ಯಾಲ್, ಐ2ಡಿ ಅಂತ ಬರುತ್ತದೆ. ಎಫ್‌ಎಲ್‌ಟಿಯಲ್ಲಿ "ಹೊಸ ನಕ್ಷತ್ರ" ಇದ್ದು ಡಿಆರ್‌ಝಡ್‌ನಲ್ಲಿ ಇಲ್ಲದಿದ್ದರೆ, ನೂರಕ್ಕೆ ತೊಂಬತ್ತು ಪಾಲು ನಿಮ್ಮ ಹುಡುಕಾಟ ಅಲ್ಲೇ ಮುಗಿಯಿತು. ಉಳಿದ ಹತ್ತು ಪಾಲು ಯಾಕೆ ಅಂದರೆ, ಚಲಿಸುವ ಕ್ಷುದ್ರಗ್ರಹವನ್ನೂ ಆ ಸಾಫ್ಟ್‌ವೇರ್ ಕಸ ಅಂತ ತೆಗೆದುಬಿಡಬಹುದು.

ಡೇಟಾ ಕ್ವಾಲಿಟಿ ಪದರವನ್ನೂ ತೆರೆಯಿರಿ. ಡಿಕ್ಯೂ ಅಂತ ಇರುತ್ತದೆ. ಪ್ರತಿ ಪಿಕ್ಸೆಲ್ಲಿಗೂ ಒಂದು ಸಂಖ್ಯೆ. ಸತ್ತ ಪಿಕ್ಸೆಲ್, ಬಿಸಿ ಪಿಕ್ಸೆಲ್ (ಬೆಳಕು ಬೀಳದಿದ್ದರೂ ಉರಿಯುವಂಥದ್ದು), ತುಂಬಿ ತುಳುಕಿದ ಪಿಕ್ಸೆಲ್ ಎಲ್ಲವನ್ನೂ ಅಲ್ಲಿ ಗುರುತು ಹಾಕಿರುತ್ತಾರೆ. ಸೊನ್ನೆ ಅಂದರೆ ಯಾವ ತಕರಾರೂ ಇಲ್ಲ. ಈ ಪದರವನ್ನು ನೋಡದೆ ಗಂಟೆಗಟ್ಟಲೆ ತಲೆ ಕೆಡಿಸಿಕೊಳ್ಳುವವರೇ ಜಾಸ್ತಿ. ಉತ್ತರ ಆ ಫೈಲಿನ ಒಳಗೇ ಕೂತಿರುತ್ತದೆ.

ಚುಕ್ಕಿ, ಗೆರೆ, ಮುಳ್ಳು, ನೆರಳು

ಚೂಪಾದ ಬಿಳಿ ಚುಕ್ಕಿಗೆ ಒಂದು ಸುಲಭ ಪರೀಕ್ಷೆ ಇದೆ. ಯಾವ ನಕ್ಷತ್ರವೂ ಟೆಲಿಸ್ಕೋಪ್ ಸಹಜವಾಗಿ ಹರಡುವುದಕ್ಕಿಂತ ಚೂಪಾಗಿ ಕಾಣಲಾರದು. ಬೆಳಕು ಕನ್ನಡಿಯಿಂದ ಬಂದಿದ್ದರೆ ಅಕ್ಕಪಕ್ಕದ ಪಿಕ್ಸೆಲ್ಲುಗಳಿಗೂ ಸ್ವಲ್ಪ ಹರಡಿರಲೇಬೇಕು. ಒಂದೇ ಪಿಕ್ಸೆಲ್ ಉರಿಯುತ್ತಿದ್ದು ಪಕ್ಕದ್ದು ತಣ್ಣಗಿದ್ದರೆ ಆ ಬೆಳಕು ಕನ್ನಡಿಯ ದಾರಿಯಲ್ಲಿ ಬಂದಿಲ್ಲ. ಕಾಸ್ಮಿಕ್ ಕಿರಣ ನೇರವಾಗಿ ಡಿಟೆಕ್ಟರಿಗೆ ಬಡಿದಿದೆ, ಇಲ್ಲವೇ ಅದು ಬಿಸಿ ಪಿಕ್ಸೆಲ್. ಕಾಸ್ಮಿಕ್ ಕಿರಣ ಓರೆಯಾಗಿ ಬಂದರೆ ಸಣ್ಣ ಗೀಚಿನಂತೆ ಕಾಣುತ್ತದೆ. ಹಬಲ್‌ನ ಹತ್ತು ಹದಿನೈದು ನಿಮಿಷದ ಒಂದು ಎಕ್ಸ್‌ಪೋಶರಿನಲ್ಲಿ ಇಂಥವು ಸಾವಿರಗಟ್ಟಲೆ. ಬಿಸಿ ಪಿಕ್ಸೆಲ್ ಮಾತ್ರ ಜಾಗ ಬಿಟ್ಟು ಕದಲುವುದಿಲ್ಲ. ಇವುಗಳ ಸಂಖ್ಯೆ ತಗ್ಗಿಸಲೆಂದೇ ಹಬಲ್‌ನ ಸಿಸಿಡಿ ಡಿಟೆಕ್ಟರುಗಳನ್ನು ತಿಂಗಳಿಗೊಮ್ಮೆ ಬೆಚ್ಚಗೆ ಮಾಡುತ್ತಾರೆ.

ವೆಬ್‌ನ ಅವಕೆಂಪು ಡಿಟೆಕ್ಟರುಗಳಲ್ಲಿ ಕೆಲವು ಹೊಡೆತಗಳು ದುಂಡಗೆ, ದೊಡ್ಡದಾಗಿ ಬೀಳುತ್ತವೆ. ಅವಕ್ಕೆ ಸ್ನೋಬಾಲ್ ಅಂತಲೇ ಹೆಸರು. ಮಸುಕಾದ ಗ್ಯಾಲಕ್ಸಿ ಅಂದುಕೊಳ್ಳುವುದು ಸಹಜ. ಮುಂದಿನ ಡಿದರಿನಲ್ಲಿ ಅದು ಇಲ್ಲದಿದ್ದರೆ ಗ್ಯಾಲಕ್ಸಿ ಅಲ್ಲ.

ಉದ್ದದ ನೇರ ಗೆರೆ ಒಂದು ಅಂಚಿನಿಂದ ಇನ್ನೊಂದು ಅಂಚಿಗೆ ಹೋದರೆ ಅದು ಸಾಮಾನ್ಯವಾಗಿ ಉಪಗ್ರಹ. ಹಬಲ್ ಭೂಮಿಗೆ ಹತ್ತಿರ, ಸುಮಾರು 500 ಕಿಲೋಮೀಟರ್ ಎತ್ತರದಲ್ಲಿ ಸುತ್ತುತ್ತಿದೆ. ಅದಕ್ಕಿಂತ ಎತ್ತರದ ಉಪಗ್ರಹಗಳು ಅದರ ಮುಂದೆ ಹಾದು ಹೋಗುತ್ತವೆ. 2002ರಿಂದ 2021ರವರೆಗಿನ ಹಬಲ್ ಚಿತ್ರಗಳನ್ನು ಜಾಲಾಡಿದ ಒಂದು ಅಧ್ಯಯನ 2023ರಲ್ಲಿ ಬಂತು. ಒಟ್ಟು ಶೇ. 2.7ರಷ್ಟು ಎಕ್ಸ್‌ಪೋಶರುಗಳಲ್ಲಿ ಉಪಗ್ರಹದ ಗೆರೆ ಸಿಕ್ಕಿತ್ತು, ಕೊನೆಯ ವರ್ಷಗಳಲ್ಲಿ ಈ ಪಾಲು ಏರುತ್ತಿತ್ತು. ಇದು ನನಗೆ ನಿಜವಾಗಿಯೂ ಬೇಸರ ತರುವ ಅಂಕಿ. ನೆಲದ ಬೆಳಕಿನಿಂದ ತಪ್ಪಿಸಿಕೊಂಡು ಮೇಲೆ ಹೋದ ಟೆಲಿಸ್ಕೋಪಿನ ಎದುರಿಗೂ ನಾವು ಸಾಲುಗಟ್ಟಿ ಹಾಯುತ್ತಿದ್ದೇವೆ. ವೆಬ್ ಇರುವುದು ಭೂಮಿಯಿಂದ 15 ಲಕ್ಷ ಕಿಲೋಮೀಟರ್ ದೂರದ ಎಲ್2 ಎಂಬ ಬಿಂದುವಿನ ಸುತ್ತ. ಅದಕ್ಕೆ ಈ ಕಾಟ ಇಲ್ಲ.

ಗೆರೆ ಚಿಕ್ಕದಾಗಿದ್ದು ಬಾಗಿದ್ದರೆ ನಿಲ್ಲಿ. ಅಳಿಸಬೇಡಿ. ಕ್ಷುದ್ರಗ್ರಹ ಇರಬಹುದು. ಹಬಲ್ ತಾನೇ ಭೂಮಿಯನ್ನು ಸುತ್ತುತ್ತಿರುವುದರಿಂದ ಹತ್ತಿರದ ವಸ್ತುವಿನ ದಾರಿ ಅದಕ್ಕೆ ಬಾಗಿದಂತೆ ಕಾಣುತ್ತದೆ. ಎಷ್ಟು ಬಾಗಿದೆ ಅನ್ನುವುದರಿಂದ ದೂರವನ್ನೂ ಲೆಕ್ಕ ಹಾಕಬಹುದು. ಹಳೆಯ ಫೈಲುಗಳಿಂದ ಹೀಗೆ ಹೆಕ್ಕಿದ ಕ್ಷುದ್ರಗ್ರಹಗಳು ಬೇಕಾದಷ್ಟಿವೆ, ಆ ಕೆಲಸದಲ್ಲಿ ಸಾಮಾನ್ಯ ಜನರೂ ಕೈಜೋಡಿಸಿದ್ದಾರೆ.

ನಕ್ಷತ್ರದಿಂದ ಹೊರಟ ಮುಳ್ಳುಗಳ ಬಗ್ಗೆ ಜಾಸ್ತಿ ಹೇಳಬೇಕಿಲ್ಲ. ಹಬಲ್‌ನಲ್ಲಿ ನಾಲ್ಕು. ವೆಬ್‌ನಲ್ಲಿ ಷಡ್ಭುಜ ಕನ್ನಡಿಗಳ ಅಂಚಿನಿಂದ ದೊಡ್ಡವು ಆರು, ಎರಡನೇ ಕನ್ನಡಿಯನ್ನು ಹಿಡಿದಿರುವ ಕಂಬಿಯಿಂದ ಅಡ್ಡಕ್ಕೆ ಚಿಕ್ಕವು ಎರಡು. ಅನುಮಾನ ಇದ್ದರೆ ಅದೇ ನಕ್ಷತ್ರದ ಬೇರೆ ತಿಂಗಳ ಚಿತ್ರ ನೋಡಿ. ನೌಕೆ ಬೇರೆ ಕೋನಕ್ಕೆ ತಿರುಗಿರುತ್ತದೆ, ಮುಳ್ಳುಗಳೂ ತಿರುಗಿರುತ್ತವೆ. ಗ್ಯಾಲಕ್ಸಿಯಿಂದ ಚಿಮ್ಮುವ ನಿಜವಾದ ಜೆಟ್ ತಿರುಗುವುದಿಲ್ಲ.

ವೆಬ್ ಚಿತ್ರದಲ್ಲಿ ನಕ್ಷತ್ರದ ಮಧ್ಯ ಕರ್ರಗೆ ತೂತಾದಂತೆ ಇದ್ದರೆ ಹೆದರಬೇಡಿ. ಬೆಳಕು ಜಾಸ್ತಿಯಾಗಿ ಪಿಕ್ಸೆಲ್ ತುಂಬಿದೆ. ಅಳತೆ ಸಾಧ್ಯವಿಲ್ಲದ ಜಾಗವನ್ನು ಸಾಫ್ಟ್‌ವೇರ್ ಖಾಲಿ ಬಿಟ್ಟಿದೆ. ಕಪ್ಪು ಕುಳಿ ಅಂತ ಕೂಗಿದವರನ್ನು ನೋಡಿದ್ದೇನೆ.

ಇನ್ನು ನೆರಳುಗಳು. ಅವಕೆಂಪು ಡಿಟೆಕ್ಟರು ಉಜ್ವಲ ನಕ್ಷತ್ರ ನೋಡಿದ ಮೇಲೆ ಅದರ ನೆನಪು ಸ್ವಲ್ಪ ಹೊತ್ತು ಉಳಿಯುತ್ತದೆ. ಮುಂದಿನ ಚಿತ್ರದಲ್ಲಿ, ಆಕಾಶದ ಬೇರೆಯದೇ ಜಾಗದಲ್ಲಿ, ಮಸುಕಾದ ಕಲೆ ಮೂಡುತ್ತದೆ. ಹಬಲ್‌ನ ಡಬ್ಲ್ಯುಎಫ್‌ಸಿ3 ಕ್ಯಾಮೆರಾದ ಅವಕೆಂಪು ಭಾಗದಲ್ಲಿ ಇದು ಮಾಮೂಲು. ಪರಿಹಾರ ಒಂದೇ: ಅದೇ ಡಿಟೆಕ್ಟರು ಹಿಂದಿನ ಕೆಲವು ಗಂಟೆಗಳಲ್ಲಿ ಏನು ನೋಡುತ್ತಿತ್ತು ಅಂತ ಸಂಗ್ರಹದಲ್ಲಿ ಹುಡುಕಿ, ಆ ಚಿತ್ರವನ್ನೂ ಇಳಿಸಿಕೊಂಡು ಪಿಕ್ಸೆಲ್ ಸಂಖ್ಯೆ ಹೋಲಿಸಿ. ವೆಬ್‌ನ ನಿಯರ್‌ಕ್ಯಾಮ್‌ನಲ್ಲಿ ಹೊಗೆಯ ಎಳೆಯಂಥ ವಿಸ್ಪ್‌ಗಳು ಕೆಲವು ಡಿಟೆಕ್ಟರುಗಳಲ್ಲಿ ಹೆಚ್ಚುಕಮ್ಮಿ ಅದೇ ಜಾಗದಲ್ಲಿ ಬರುತ್ತವೆ. ಕಂಬಿಗೆ ತಾಗಿ ಒಳಗೆ ಬಂದ ಅಡ್ಡ ಬೆಳಕು ಅದು. ನೆಬ್ಯುಲಾ ಅಂತ ಬರೆಯುವ ಮೊದಲು ಬೇರೆ ಯಾವುದಾದರೂ ಗುರಿಯ ಚಿತ್ರದಲ್ಲಿ ಅದೇ ಡಿಟೆಕ್ಟರಿನ ಅದೇ ಮೂಲೆ ನೋಡಿ.

ಎಲ್ಲ ನಕ್ಷತ್ರಗಳೂ ಮಸುಕಾಗಿದ್ದರೆ

ಒಂದೇ ವಸ್ತು ಉದ್ದವಾಗಿದ್ದರೆ ಅದು ಬಹುಶಃ ಗ್ಯಾಲಕ್ಸಿ, ಇಲ್ಲವೇ ಜೋಡಿ ನಕ್ಷತ್ರ. ಎಲ್ಲವೂ ಒಂದೇ ದಿಕ್ಕಿಗೆ ಉದ್ದವಾಗಿದ್ದರೆ ನೌಕೆ ಆ ದಿಕ್ಕಿಗೆ ಜಾರಿದೆ. ಒಂದು ಬಿಂದುವಿನ ಸುತ್ತ ಕಮಾನಿನಂತೆ ಉದ್ದವಾಗಿದ್ದರೆ ನೌಕೆ ಆ ಬಿಂದುವಿನ ಸುತ್ತ ತಿರುಗಿದೆ, ಅಂದರೆ ಅದು ಹಿಡಿದಿದ್ದ ಮಾರ್ಗದರ್ಶಿ ನಕ್ಷತ್ರ ಒಂದೇ ಇದ್ದಿರಬೇಕು. ಎಲ್ಲವೂ ಎಲ್ಲ ದಿಕ್ಕಿಗೂ ಸಮನಾಗಿ ಹರಡಿದ್ದರೆ ಫೋಕಸ್ ಅಥವಾ ಕನ್ನಡಿ.

ಕೊನೆಯದಕ್ಕೆ ಹಬಲ್‌ಗಿಂತ ಒಳ್ಳೆಯ ಪಾಠ ಇನ್ನೊಂದಿಲ್ಲ. 1990ರ ಏಪ್ರಿಲ್ 24ರಂದು ಹಾರಿಸಿದರು. ಮೊದಲ ಚಿತ್ರಗಳಲ್ಲಿ ನಕ್ಷತ್ರದ ಸುತ್ತ ಪ್ರಭೆ. ಬೆಳಕಿನ ಶೇ. 70ರಷ್ಟು ಪುಟ್ಟ ಚುಕ್ಕಿಯೊಳಗೆ ಸೇರಬೇಕಿತ್ತು, ಸೇರಿದ್ದು ಶೇ. 10ರಿಂದ 15 ಮಾತ್ರ. ಇದನ್ನು ಹೇಗೆ ಬಿಡಿಸಿದರು ನೋಡಿ. ಮೊದಲು ಫೋಕಸ್ ಬದಲಿಸಿದರು. ಹಿಂದೆ ಮುಂದೆ ಎಲ್ಲಿಟ್ಟರೂ ಪ್ರಭೆ ಹೋಗಲಿಲ್ಲ. ಹಾಗಾದರೆ ಬರೀ ಫೋಕಸ್ ಅಲ್ಲ. ಒಂದು ಕ್ಯಾಮೆರಾ ಕೆಟ್ಟಿದೆಯಾ? ಎರಡು ಬೇರೆ ಬೇರೆ ಕ್ಯಾಮೆರಾಗಳಲ್ಲೂ ಅದೇ ಪ್ರಭೆ. ಹಾಗಾದರೆ ಕ್ಯಾಮೆರಾ ಅಲ್ಲ. ಎರಡಕ್ಕೂ ಸಾಮಾನ್ಯವಾಗಿ ಇರುವುದು ಕನ್ನಡಿಗಳು. ಪ್ರಭೆಯ ಆಕಾರವನ್ನೇ ಅಳೆದಾಗ ಗೋಳೀಯ ದೋಷ (ಕನ್ನಡಿಯ ಅಂಚು ಮತ್ತು ಮಧ್ಯ ಬೆಳಕನ್ನು ಒಂದೇ ಬಿಂದುವಿಗೆ ಸೇರಿಸದಿರುವುದು) ಅಂತ ಖಚಿತವಾಯಿತು. 2.4 ಮೀಟರ್ ಕನ್ನಡಿಯ ಅಂಚು ಇರಬೇಕಾದ್ದಕ್ಕಿಂತ 2.2 ಮೈಕ್ರಾನ್ ಚಪ್ಪಟೆ.

ಮೂಲ ಹುಡುಕಿದಾಗ ಸಿಕ್ಕಿದ್ದು ನೆಲದ ಮೇಲಿನ ಒಂದು ಪರೀಕ್ಷಾ ಉಪಕರಣ. ಕನ್ನಡಿಯ ಆಕಾರ ಪರೀಕ್ಷಿಸುವ ನಲ್ ಕರೆಕ್ಟರ್‌ನಲ್ಲಿ ಒಂದು ಲೆನ್ಸು 1.3 ಮಿಲಿಮೀಟರ್ ತಪ್ಪಾದ ಜಾಗದಲ್ಲಿ ಕೂತಿತ್ತು. ಕನ್ನಡಿಯನ್ನು ಆ ತಪ್ಪಿಗೆ ತಕ್ಕಂತೆ ಅತ್ಯಂತ ನಿಖರವಾಗಿ ಉಜ್ಜಿದ್ದರು. ನೋವಿನ ಸಂಗತಿ ಅಂದರೆ, ಬೇರೆ ಸರಳ ಉಪಕರಣಗಳು ತಪ್ಪನ್ನು ಆಗಲೇ ತೋರಿಸಿದ್ದವು. ಅವು ಅಷ್ಟು ನಿಖರ ಅಲ್ಲ ಅಂತ ಆ ಫಲಿತಾಂಶವನ್ನು ಬದಿಗಿಟ್ಟರು. ಎರಡು ಅಳತೆ ಹೊಂದದಿದ್ದಾಗ ಒಳ್ಳೆಯದನ್ನು ನಂಬಿ ಇನ್ನೊಂದನ್ನು ಬಿಡಬಾರದು. ಯಾಕೆ ಹೊಂದುತ್ತಿಲ್ಲ ಅಂತ ಕೇಳಬೇಕು. ನಮ್ಮ ಹುಡುಗರಿಗೆ ನಾನು ಇದನ್ನು ಮತ್ತೆ ಮತ್ತೆ ಹೇಳುತ್ತೇನೆ, ಯಾಕೆಂದರೆ ಈ ತಪ್ಪು ಲ್ಯಾಪ್‌ಟಾಪಿನಲ್ಲೂ ದಿನಾ ನಡೆಯುತ್ತದೆ.

ದೋಷ ನಿಖರವಾಗಿ ಗೊತ್ತಾಗಿದ್ದರಿಂದಲೇ ಪರಿಹಾರವೂ ನಿಖರವಾಯಿತು. 1993ರ ಡಿಸೆಂಬರಿನಲ್ಲಿ ಗಗನಯಾತ್ರಿಗಳು ಕೋಸ್ಟಾರ್ ಎಂಬ ತಿದ್ದುವ ಕನ್ನಡಿಗಳನ್ನೂ ಹೊಸ ಕ್ಯಾಮೆರಾವನ್ನೂ ಕೂರಿಸಿದರು. ನೀವು ಅದಕ್ಕಿಂತ ಹಿಂದಿನ ಹಬಲ್ ಫೈಲು ತೆರೆದರೆ ಪ್ರಭೆ ಇದ್ದೇ ಇರುತ್ತದೆ. ಹೆಡರಿನಲ್ಲಿ ದಿನಾಂಕ ನೋಡಿಕೊಳ್ಳಿ.

ವೆಬ್‌ನ ಹತ್ತಿರ ಯಾರೂ ಹೋಗಲಾರರು. 2022ರ ಮೇ ತಿಂಗಳಲ್ಲಿ ಸಿ3 ಎಂಬ ಕನ್ನಡಿ ತುಂಡಿಗೆ ಪುಟ್ಟ ಉಲ್ಕಾಕಣ ಬಡಿದು ಅದರ ಆಕಾರ ಸ್ವಲ್ಪ ಕೆಟ್ಟಿತು. 18 ತುಂಡುಗಳನ್ನೂ ಬೇರೆ ಬೇರೆಯಾಗಿ ಅಲುಗಾಡಿಸಬಹುದಾದ್ದರಿಂದ ಕೆಟ್ಟಿದ್ದರಲ್ಲಿ ಒಂದಷ್ಟನ್ನು ಇಲ್ಲಿಂದಲೇ ತಿದ್ದಿದರು. ನಿಮ್ಮ ಚಿತ್ರದಲ್ಲಿ ಇದರ ಗುರುತು ಕಣ್ಣಿಗೆ ಬೀಳುವುದಿಲ್ಲ, ಸುಮ್ನೆ ಅದರ ಮೇಲೆ ತಪ್ಪು ಹೊರಿಸಬೇಡಿ.

ಗಡಿಯಾರ ನೋಡಿಕೊಂಡು ಬರುವ ದೋಷ

ಕಾಲಕ್ಕೆ ತಕ್ಕಂತೆ ನಕ್ಷತ್ರದ ಬೆಳಕು ಹೇಗೆ ಏರಿಳಿಯುತ್ತದೆ ಅಂತ ನೋಡುವವರಿಗೆ ಇದು ಅತಿ ಮುಖ್ಯ. ನಿಮಗೆ ಒಂದು ಆವರ್ತ ಸಿಕ್ಕಿತು ಅನ್ನಿ. ಖುಷಿ ಪಡುವ ಮೊದಲು ಆ ಸಂಖ್ಯೆಯನ್ನು ಟೆಲಿಸ್ಕೋಪಿನದ್ದೇ ಸಂಖ್ಯೆಗಳ ಜೊತೆ ಇಟ್ಟು ನೋಡಿ. ಸುಮಾರು 95 ನಿಮಿಷ ಬಂದರೆ ಅದು ಹಬಲ್ ಭೂಮಿ ಸುತ್ತುವ ಅವಧಿ. ಸುಮಾರು 98 ನಿಮಿಷ ಬಂದರೆ ಆಸ್ಟ್ರೋಸ್ಯಾಟಿನದ್ದು. ಬೇರೆ ನಕ್ಷತ್ರಗಳ ಗ್ರಹ ಹುಡುಕುವ ಟೆಲಿಸ್ಕೋಪ್ ಟೆಸ್‌ನಲ್ಲಿ 13.7 ದಿನ ಬಂದರೆ ಅದು ಟೆಸ್‌ನ ಕಕ್ಷೆ. ಅದಕ್ಕಿಂತ ಹಿಂದೆ ಇದೇ ಕೆಲಸ ಮಾಡಿದ ಕೆಪ್ಲರ್‌ನ ಕೆ2 ಕಾಲದ ಡೇಟಾದಲ್ಲಿ ಸುಮಾರು 6 ಗಂಟೆಯ ಗರಗಸದ ಹಲ್ಲು ಕಂಡರೆ ಅದು ಥ್ರಸ್ಟರ್, ಅಂದರೆ ನೌಕೆಯನ್ನು ತಳ್ಳುವ ಪುಟ್ಟ ಎಂಜಿನ್. ಇವುಗಳ ಅರ್ಧ, ದುಪ್ಪಟ್ಟು ಬಂದರೂ ಅನುಮಾನಿಸಿ.

ಕೆ2ರ ಕಥೆಯನ್ನು ತಿಳಿದರೆ ಆ 6 ಗಂಟೆ ಅರ್ಥವಾಗುತ್ತದೆ. ಕೆಪ್ಲರ್ 2009ರಲ್ಲಿ ಹಾರಿತು. ನೌಕೆಯನ್ನು ಸ್ಥಿರವಾಗಿಡುವ ನಾಲ್ಕು ತಿರುಗು ಚಕ್ರಗಳಲ್ಲಿ ಒಂದು 2012ರಲ್ಲಿ, ಇನ್ನೊಂದು 2013ರಲ್ಲಿ ನಿಂತವು. ಎರಡೇ ಚಕ್ರದಲ್ಲಿ ನಿಲ್ಲಲಾಗದು. ಆಗ ಎಂಜಿನಿಯರುಗಳು ಸೂರ್ಯನ ಬೆಳಕಿನ ಒತ್ತಡವನ್ನೇ ಮೂರನೇ ಆಧಾರ ಮಾಡಿಕೊಂಡರು. ಆದರೂ ನೌಕೆ ನಿಧಾನವಾಗಿ ಹೊರಳುತ್ತಿತ್ತು, ಕೆಲವು ಗಂಟೆಗೊಮ್ಮೆ ಥ್ರಸ್ಟರ್ ಹೊತ್ತಿಸಿ ವಾಪಸ್ ತರುತ್ತಿದ್ದರು. ನಕ್ಷತ್ರ ಒಂದು ಪಿಕ್ಸೆಲ್ಲಿನಿಂದ ಪಕ್ಕದ್ದಕ್ಕೆ ಸರಿದು ಹಿಂದೆ ಬರುತ್ತಿತ್ತು. ಆ ಹಲ್ಲುಗಳು ಅಲ್ಲಿಂದ ಬಂದಿದ್ದು. ತಿದ್ದಿದ ಮೇಲೆ ಅದೇ ಡೇಟಾದಿಂದ ನೂರಾರು ಗ್ರಹಗಳು ಸಿಕ್ಕಿವೆ.

ಹಬಲ್‌ನಲ್ಲೂ ಶುರುವಿನಲ್ಲಿ ಹೀಗೇ ಒಂದು ಇತ್ತು. ನೆರಳಿನಿಂದ ಬಿಸಿಲಿಗೆ, ಬಿಸಿಲಿನಿಂದ ನೆರಳಿಗೆ ಹೋಗುವಾಗ ಟೆಲಿಸ್ಕೋಪ್ ನಡುಗುತ್ತಿತ್ತು. ಸೌರಫಲಕಗಳು ಬಿಸಿ ತಂಪಿಗೆ ಬಾಗುತ್ತಿದ್ದವು. ನಡುಕ ಯಾವಾಗ ಬರುತ್ತದೆ ಅನ್ನುವುದೇ ಕಾರಣವನ್ನು ತೋರಿಸಿಕೊಟ್ಟಿತು. 1993ರಲ್ಲಿ ಫಲಕಗಳನ್ನೂ ಬದಲಿಸಿದರು.

ಇದ್ದಕ್ಕಿದ್ದಂತೆ ಹಿನ್ನೆಲೆ ಎಣಿಕೆ ಏರಿದರೆ ನೌಕೆ ಆಗ ಎಲ್ಲಿತ್ತು ಅಂತ ನಕ್ಷೆಯಲ್ಲಿ ನೋಡಿ. ದಕ್ಷಿಣ ಅಮೆರಿಕ ಮತ್ತು ದಕ್ಷಿಣ ಅಟ್ಲಾಂಟಿಕ್ ಮೇಲೆ ವಿಕಿರಣ ಪಟ್ಟಿ ಕೆಳಗೆ ಇಳಿದಿರುತ್ತದೆ. ಆ ಭಾಗ ದಾಟುವಾಗ ಹಬಲ್ ಸಾಮಾನ್ಯವಾಗಿ ವಿಜ್ಞಾನದ ಕೆಲಸ ನಿಲ್ಲಿಸುತ್ತದೆ. ಆಸ್ಟ್ರೋಸ್ಯಾಟಿನ ಕಕ್ಷೆ ಸಮಭಾಜಕಕ್ಕೆ 6 ಡಿಗ್ರಿ ಮಾತ್ರ ಓರೆ, ಹಾಗಾಗಿ ಅದು ಈ ಪ್ರದೇಶದ ಉತ್ತರದ ಅಂಚನ್ನಷ್ಟೇ ತಾಗುತ್ತದೆ. ಹಿನ್ನೆಲೆ ಕಡಿಮೆ ಇರಲಿ ಅಂತಲೇ ಅಂಥ ಕಕ್ಷೆ ಆರಿಸಿದ್ದು.

ಸಮಯದ ಲೆಕ್ಕದಲ್ಲಿ ಇನ್ನೆರಡು ಎಚ್ಚರ. ಖಗೋಳದವರು ಬಳಸುವ ಜೂಲಿಯನ್ ದಿನದ ಸಂಖ್ಯೆ ಸಿಗಲು ಕೆಪ್ಲರ್ ಫೈಲಿನ ಸಮಯಕ್ಕೆ 2454833 ಸೇರಿಸಬೇಕು, ಟೆಸ್‌ನದ್ದಕ್ಕೆ 2457000. ಎರಡನ್ನು ಬೆರೆಸಿದರೆ ಗ್ರಹದ ಸಂಕ್ರಮಣ (ಗ್ರಹ ತನ್ನ ನಕ್ಷತ್ರದ ಮುಂದೆ ಹಾಯುವುದು) ಬೇಡದ ದಿನಕ್ಕೆ ಬೀಳುತ್ತದೆ. ಎರಡನೆಯದು, ಭೂಮಿ ಸೂರ್ಯನ ಸುತ್ತ ಹೋಗುವುದರಿಂದ ಅದೇ ನಕ್ಷತ್ರದ ಬೆಳಕು ವರ್ಷದ ಒಂದು ಕಾಲದಲ್ಲಿ ಸುಮಾರು 8 ನಿಮಿಷ ಬೇಗ, ಇನ್ನೊಂದು ಕಾಲದಲ್ಲಿ ಅಷ್ಟೇ ತಡವಾಗಿ ಬರಬಹುದು. ಸೌರಮಂಡಲದ ಕೇಂದ್ರಕ್ಕೆ ಸಮಯ ಹೊಂದಿಸದೆ ಜನವರಿ ಮತ್ತು ಜುಲೈ ಡೇಟಾ ಸೇರಿಸಬೇಡಿ.

ಟೆಸ್ ಬಳಸುವವರು ಇನ್ನೊಂದನ್ನೂ ನೆನಪಿಡಿ. ಅದರ ಒಂದು ಪಿಕ್ಸೆಲ್ 21 ಆರ್ಕ್ ಸೆಕೆಂಡ್ ಅಗಲ, ಅದರೊಳಗೆ ಹಲವು ನಕ್ಷತ್ರ ತುಂಬಿಕೊಂಡಿರಬಹುದು. ಬೆಳಕು ಇಳಿದದ್ದು ನಿಮ್ಮ ನಕ್ಷತ್ರದ್ದೋ ಪಕ್ಕದ ಜೋಡಿ ನಕ್ಷತ್ರದ್ದೋ ಅಂತ ಗಯಾ ಟೆಲಿಸ್ಕೋಪ್ ಅಳೆದ ನಕ್ಷತ್ರಗಳ ಪಟ್ಟಿ ತೆರೆದು ನೋಡಲೇಬೇಕು.

ವರ್ಷಗಟ್ಟಲೆ ನಿಧಾನವಾಗಿ ಮಂಕಾದರೆ

ಯುರೋಪಿನ ಬಾಹ್ಯಾಕಾಶ ಟೆಲಿಸ್ಕೋಪ್ ಯೂಕ್ಲಿಡ್ 2023ರ ಜುಲೈ 1ರಂದು ಹಾರಿತು. ಅದೇ ವರ್ಷದ ನವೆಂಬರಿನಲ್ಲಿ, ಪದೇ ಪದೇ ಅಳೆಯುತ್ತಿದ್ದ ನಕ್ಷತ್ರಗಳ ಬೆಳಕು ತುಸು ಕಡಿಮೆಯಾಗುತ್ತಿದೆ ಅಂತ ಗಮನಿಸಿದರು. ಕೆಲವು ನಕ್ಷತ್ರಗಳು ತಾವಾಗಿಯೇ ಮಂಕಾಗಬಹುದು. ಎಲ್ಲವೂ ಒಟ್ಟಿಗೆ ಮಂಕಾದರೆ ಕಾರಣ ಇಲ್ಲೇ ಇದೆ. ನೆಲದಿಂದ ಜೊತೆಗೆ ಹೋದ ತೇವ ಕನ್ನಡಿಯ ಮೇಲೆ ಹಿಮವಾಗಿ ಕೂತಿತ್ತು, ಕೆಲವೇ ನ್ಯಾನೋಮೀಟರ್ ದಪ್ಪ. 2024ರ ಮಾರ್ಚಿನಲ್ಲಿ ಒಂದು ಕನ್ನಡಿಯನ್ನು ಮಾತ್ರ 34 ಡಿಗ್ರಿ ಬೆಚ್ಚಗೆ ಮಾಡಿದರು. ಶೇ. 15ರಷ್ಟು ಬೆಳಕು ವಾಪಸ್ ಬಂತು. ಎಲ್ಲವನ್ನೂ ಒಟ್ಟಿಗೆ ಬಿಸಿ ಮಾಡಿದ್ದರೆ ಯಾವ ಕನ್ನಡಿಯಲ್ಲಿ ಹಿಮ ಇತ್ತು ಅಂತ ಗೊತ್ತಾಗುತ್ತಿರಲಿಲ್ಲ, ನೌಕೆಯ ಆಕಾರವೂ ಸ್ವಲ್ಪ ಬದಲಾಗುವ ಅಪಾಯ ಇತ್ತು. ದೋಷ ಹುಡುಕುವಾಗ ಒಂದು ಸಲಕ್ಕೆ ಒಂದನ್ನೇ ಬದಲಿಸುವುದಕ್ಕೆ ಇದಕ್ಕಿಂತ ಚೆಂದದ ಉದಾಹರಣೆ ನನಗೆ ಗೊತ್ತಿಲ್ಲ.

ಚಂದ್ರಾ ಕ್ಷ-ಕಿರಣ ಟೆಲಿಸ್ಕೋಪಿನ ಎಸಿಸ್ ಕ್ಯಾಮೆರಾದ ಮುಂದಿನ ಫಿಲ್ಟರಿನ ಮೇಲೂ ವರ್ಷಗಳಿಂದ ಕೊಳೆ ಪದರ ಬೆಳೆಯುತ್ತಿದೆ. ಕಡಿಮೆ ಶಕ್ತಿಯ ಕ್ಷ-ಕಿರಣ ಅದರಲ್ಲಿ ಸಿಕ್ಕಿಕೊಳ್ಳುತ್ತದೆ. 2000ದ ಮತ್ತು 2020ರ ವೀಕ್ಷಣೆಗಳನ್ನು ಹಾಗೇ ಹೋಲಿಸಿದರೆ ಆಕಾಶದ ವಸ್ತುವೇ ಬದಲಾದಂತೆ ಕಾಣುತ್ತದೆ. ಆಯಾ ದಿನಾಂಕಕ್ಕೆ ಸರಿಯಾದ ಕ್ಯಾಲಿಬ್ರೇಶನ್ (ಅಳತೆ ತಿದ್ದುವ) ಫೈಲು ಬಳಸಿ.

ಆಸ್ಟ್ರೋಸ್ಯಾಟ್ ಫೈಲು ತೆರೆಯುವವರಿಗೆ

ಇದು ನಮ್ಮ ಊರಿನ ಟೆಲಿಸ್ಕೋಪ್ ಅನ್ನುವ ಅಭಿಮಾನ ನನಗಿದೆ. 2015ರ ಸೆಪ್ಟೆಂಬರ್ 28ರಂದು ಶ್ರೀಹರಿಕೋಟಾದಿಂದ ಪಿಎಸ್‌ಎಲ್‌ವಿ-ಸಿ30ರಲ್ಲಿ ಹಾರಿತು. ಅದರ ಅತಿನೇರಳೆ ಟೆಲಿಸ್ಕೋಪ್ ಯೂವಿಟ್ ಅನ್ನು ಕೋರಮಂಗಲದ ಭಾರತೀಯ ಖಭೌತ ಸಂಸ್ಥೆಯವರ ಮುಂದಾಳತ್ವದಲ್ಲಿ ಹೊಸಕೋಟೆಯ ಕ್ರೆಸ್ಟ್ ಆವರಣದಲ್ಲಿ ಜೋಡಿಸಿದ್ದು. ನೌಕೆಗೆ ಆದೇಶ ಹೋಗುವುದು ಪೀಣ್ಯದಲ್ಲಿರುವ ಇಸ್ರೋದ ನಿಯಂತ್ರಣ ಕೇಂದ್ರ ಇಸ್ಟ್ರಾಕ್‌ನಿಂದ. ಡೇಟಾ ಕೂಡಿಡುವುದು ಮೈಸೂರು ರಸ್ತೆಯಾಚೆಯ ಬ್ಯಾಲಾಳುವಿನಲ್ಲಿ.

ಯೂವಿಟ್ ಒಂದು ಉದ್ದದ ಫೋಟೋ ತೆಗೆಯುವುದಿಲ್ಲ. ಸೆಕೆಂಡಿಗೆ ಸುಮಾರು 29 ಫ್ರೇಮ್ ತೆಗೆದು, ಒಂದೊಂದು ಫೋಟಾನನ್ನೂ ಬೇರೆಬೇರೆಯಾಗಿ ಎಣಿಸುತ್ತದೆ. ಅದರ ದೋಷಗಳೂ ಇದರಿಂದಲೇ ಹುಟ್ಟುತ್ತವೆ.

ನಕ್ಷತ್ರಗಳು ಜೋಡಿಜೋಡಿಯಾಗಿ ಅಥವಾ ಬಾಲ ಬಿಟ್ಟಂತೆ ಕಂಡರೆ ಜಾರುವಿಕೆಯ ತಿದ್ದುಪಡಿ ಕೆಟ್ಟಿದೆ. ನೌಕೆ ಅಲುಗಾಡುತ್ತಲೇ ಇರುತ್ತದೆ. ಗೋಚರ ಬೆಳಕಿನ ಚಾನೆಲ್ಲಿನ ನಕ್ಷತ್ರಗಳನ್ನು ಹಿಂಬಾಲಿಸಿ ಪ್ರತಿ ಫೋಟಾನಿನ ಜಾಗವನ್ನೂ ಆಮೇಲೆ ಸರಿಪಡಿಸುತ್ತಾರೆ. ಸರಿಯಾಗಿದ್ದರೆ ನಕ್ಷತ್ರದ ಅಗಲ 1.5 ಆರ್ಕ್ ಸೆಕೆಂಡಿನ ಆಸುಪಾಸು. ಜಾಸ್ತಿ ಇದ್ದರೆ ಕಕ್ಷೆಗೊಂದರಂತೆ ಬೇರೆಬೇರೆ ಚಿತ್ರ ಮಾಡಿ ನೋಡಿ. ಯೂವಿಟ್ ಕಕ್ಷೆಯ ರಾತ್ರಿ ಭಾಗದಲ್ಲಿ ಮಾತ್ರ ನೋಡುವುದರಿಂದ ಡೇಟಾ ತುಂಡುತುಂಡಾಗಿಯೇ ಬರುತ್ತದೆ. ಸಾಮಾನ್ಯವಾಗಿ ಒಂದೆರಡು ತುಂಡು ಮಾತ್ರ ಕೆಟ್ಟಿರುತ್ತವೆ. ಅವನ್ನು ಬಿಟ್ಟು ಉಳಿದದ್ದನ್ನು ಸೇರಿಸಿ.

ಉಜ್ವಲ ನಕ್ಷತ್ರ ಇರಬೇಕಾದ್ದಕ್ಕಿಂತ ಮಂಕಾಗಿದ್ದರೆ ಅದು ಎಣಿಕೆಯ ಮಿತಿ. ಒಂದೇ ಫ್ರೇಮಿನಲ್ಲಿ ಅದೇ ಜಾಗಕ್ಕೆ ಎರಡು ಫೋಟಾನ್ ಬಿದ್ದರೆ ಒಂದೇ ಅಂತ ಲೆಕ್ಕವಾಗುತ್ತದೆ. ಎಣಿಕೆ ಫ್ರೇಮಿನ ವೇಗದ ಹತ್ತಿರ ಬಂದಿದೆಯಾ ನೋಡಿ. ಬಂದಿದ್ದರೆ ಆ ನಕ್ಷತ್ರವನ್ನು ಅಳತೆಗೆ ಬಳಸಬೇಡಿ. ಒಂದೇ ಫ್ರೇಮಿನಲ್ಲಿ ಇದ್ದಕ್ಕಿದ್ದಂತೆ ನೂರಾರು ಫೋಟಾನ್ ಬಂದಿದ್ದರೆ ಅದು ಕಾಸ್ಮಿಕ್ ಕಿರಣದ ಸುರಿಮಳೆ, ಆ ಫ್ರೇಮನ್ನು ಪೂರ್ತಿ ತೆಗೆಯಿರಿ. ಬಹಳ ಮಸುಕಾದ ವಸ್ತು ಹುಡುಕುವವರಿಗೆ ಇದು ತುಂಬಾ ಮುಖ್ಯ.

2018ರ ಮಾರ್ಚಿನ ನಂತರದ ಸಮೀಪ ಅತಿನೇರಳೆ ಚಿತ್ರ ಸಿಗುತ್ತಿಲ್ಲ ಅಂದರೆ ಹುಡುಕಾಟದಲ್ಲಿ ತಪ್ಪಿಲ್ಲ. ಆ ಚಾನೆಲ್ ಆಗ ಕೆಟ್ಟಿತು, ದೂರ ಅತಿನೇರಳೆ ಚಾನೆಲ್ ಮುಂದುವರಿಯಿತು. ಆಸ್ಟ್ರೋಸ್ಯಾಟಿನ ಕ್ಷ-ಕಿರಣ ಉಪಕರಣ ಲ್ಯಾಕ್ಸ್‌ಪೀಸಿಯ ಮೂರು ಎಣಿಕೆ ಪೆಟ್ಟಿಗೆಗಳಲ್ಲೂ ವ್ಯತ್ಯಾಸ ಇದೆ. 30ನೇ ಸಂಖ್ಯೆಯದ್ದು ಅನಿಲ ಸೋರಿಕೆಯಿಂದ 2018ರಲ್ಲಿ ನಿಂತಿತು, 10ನೆಯದರ ಅಳತೆ ಅಸ್ಥಿರವಾಯಿತು. ಆ ವರ್ಷದ ನಂತರದ ಕೆಲಸಕ್ಕೆ 20ನೆಯದನ್ನೇ ಹಿಡಿಯಿರಿ.

ಯೂವಿಟ್ ಚಿತ್ರದ ಸ್ಥಾನಗಳು ಪಟ್ಟಿಗೆ ಹೊಂದದಿದ್ದರೆ ಗಯಾ ನಕ್ಷತ್ರಗಳಿಗೆ ನೀವೇ ಹೊಂದಿಸಿಕೊಳ್ಳಿ. ವೇಗವಾಗಿ ಚಲಿಸುವ ನಕ್ಷತ್ರಗಳನ್ನು ಅದಕ್ಕೆ ಬಳಸಬೇಡಿ. ಬರ್ನಾರ್ಡ್ ನಕ್ಷತ್ರ ವರ್ಷಕ್ಕೆ 10 ಆರ್ಕ್ ಸೆಕೆಂಡಿಗಿಂತ ಹೆಚ್ಚು ಸರಿಯುತ್ತದೆ.

ಎಲ್ಲ ಪರೀಕ್ಷೆಯನ್ನೂ ದಾಟಿದರೆ

ಆಕಾಶದ ಜೊತೆ ಸರಿಯುತ್ತಿದೆ. ನಕ್ಷತ್ರದಷ್ಟೇ ಹರಡಿದೆ. ಡಿಕ್ಯೂ ಸೊನ್ನೆ. ಬೇರೆ ಕೋನದ ಚಿತ್ರದಲ್ಲೂ ಇದೆ. ಹಾಗಿದ್ದರೆ ಅದನ್ನು ಗೌರವದಿಂದ ನೋಡಿ. 2014ರಲ್ಲಿ ಹಬಲ್ ಚಿತ್ರದಲ್ಲಿ ಒಂದೇ ಸೂಪರ್‌ನೋವಾ ನಾಲ್ಕು ಕಡೆ ಕಂಡಿತು. ಕ್ಯಾಮೆರಾದ ಪ್ರತಿಬಿಂಬ ಅಂತ ಯಾರಾದರೂ ತಳ್ಳಿಹಾಕಬಹುದಾಗಿತ್ತು. ಅದು ಗ್ಯಾಲಕ್ಸಿ ಗುಂಪೊಂದರ ಗುರುತ್ವ ಬೆಳಕನ್ನು ಬಾಗಿಸಿ ಮಾಡಿದ ನಾಲ್ಕು ಬಿಂಬ. ರೆಫ್ಸ್‌ಡಾಲ್ ಅಂತ ಹೆಸರಿಟ್ಟರು. ಇನ್ನೊಂದು ಬಿಂಬ ತಡವಾಗಿ ಬರುತ್ತದೆ ಅಂತ ಲೆಕ್ಕ ಹಾಕಿದರು, 2015ರ ಡಿಸೆಂಬರಿನಲ್ಲಿ ಅದೂ ಬಂತು.

ಮೊದಲು ಗೊತ್ತಿರುವ ಆಕಾಶಕಾಯಗಳ ಆನ್‌ಲೈನ್ ಪಟ್ಟಿ ಸಿಂಬಾಡ್‌ನಲ್ಲಿ ಆ ಜಾಗ ಹುಡುಕಿ. ಆ ದಿನ ಆ ಸಮಯಕ್ಕೆ ಅಲ್ಲಿ ಗೊತ್ತಿರುವ ಕ್ಷುದ್ರಗ್ರಹ ಇತ್ತಾ ನೋಡಿ. ಹೊಸದಾಗಿ ಹೊಳೆದ ವಸ್ತುಗಳ ಪಟ್ಟಿ ನೋಡಿ. ಆಮೇಲೂ ಉತ್ತರ ಸಿಗದಿದ್ದರೆ ಆ ಟೆಲಿಸ್ಕೋಪಿನ ಸಹಾಯ ವಿಭಾಗಕ್ಕೆ ಬರೆಯಿರಿ. ಎಲ್ಲದಕ್ಕೂ ಒಂದು ಇದೆ, ವಿದ್ಯಾರ್ಥಿಗಳಿಗೂ ಅಲ್ಲಿ ಬರೆಯಲು ಅಡ್ಡಿಯಿಲ್ಲ. ಫೈಲಿನ ಪೂರ್ತಿ ಹೆಸರು, ಪದರದ ಸಂಖ್ಯೆ, ಪಿಕ್ಸೆಲ್ ಸ್ಥಾನ, ಆಕಾಶದ ಸ್ಥಾನ, ನೀವು ಆಗಲೇ ಮಾಡಿದ ಪರೀಕ್ಷೆಗಳು, ಇಷ್ಟು ಇರಲಿ. ಬಣ್ಣ ಹಾಕಿದ ಸ್ಕ್ರೀನ್‌ಶಾಟ್ ಒಂದನ್ನೇ ಕಳಿಸಿದರೆ ಅವರಿಗೆ ಏನೂ ಮಾಡಲಾಗದು. ಸಮಯವನ್ನು ಯುಟಿಸಿಯಲ್ಲೇ (ಅಂತರರಾಷ್ಟ್ರೀಯ ಪ್ರಮಾಣ ಸಮಯ) ಬರೆಯಿರಿ. ನಮ್ಮ ಗಡಿಯಾರದ ಸಮಯ ಬರೆದರೆ ಐದೂವರೆ ಗಂಟೆ ತಪ್ಪಿ, ಅವರು ಬೇರೆಯದೇ ಎಕ್ಸ್‌ಪೋಶರ್ ತೆರೆದು ಏನೂ ಇಲ್ಲ ಅಂತ ಉತ್ತರ ಬರೆಯುತ್ತಾರೆ.